ಮಗನೇ ಓದಿ ಹೇಳಬೇಕಾದ ಪತ್ರ: ಬಾಲಕರ ಶಾಲೆಯ ಮುಖ್ಯೋಪಾಧ್ಯಾಯನಾಗಿ ನನ್ನ ಅನುಭವ

2014ರ ಆಗಸ್ಟ್ ತಿಂಗಳ ಒಂದು ಸಂಜೆ ಶಾಲೆಯ ಗೇಟಿಗೆ ಬೀಗ ಹಾಕಿಸಿ ಮನೆಗೆ ಹೊರಟಿದ್ದಾಗ, ಕಾಂಪೌಂಡಿನ ಪಕ್ಕದ ಚರಂಡಿಯಲ್ಲಿ ಏಳೆಂಟು ಬಿಳಿ ಹಾಳೆಗಳು ಮುದುಡಿ ಬಿದ್ದಿದ್ದುದು ಕಣ್ಣಿಗೆ ಬಿತ್ತು. ಬಗ್ಗಿ ನೋಡಿದರೆ ಪ್ರತಿಯೊಂದರ ಕೆಳಗೂ ನನ್ನ ಸಹಿ ಮತ್ತು ಶಾಲೆಯ ಮೊಹರು ಇದ್ದವು. ಪದೇ ಪದೇ ಶಾಲೆ ತಪ್ಪಿಸುತ್ತಿದ್ದ ಹುಡುಗರ ಪೋಷಕರಿಗೆಂದು ಅದೇ ಮಧ್ಯಾಹ್ನ ನಾನು ಕಳಿಸಿದ್ದ ಪತ್ರಗಳು ಅವು. ಚಿತ್ರದುರ್ಗ ನಗರದ ಆ ಬಾಲಕರ ಪ್ರೌಢಶಾಲೆಗೆ ನಾನು ಮುಖ್ಯೋಪಾಧ್ಯಾಯನಾಗಿ ಬಂದು ಆಗ ಎರಡು ತಿಂಗಳಾಗಿತ್ತು.

ಪತ್ರದ ಒಕ್ಕಣೆ ಹೀಗಿತ್ತು: “ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಮಗನು ಪೂರ್ವಾನುಮತಿಯಿಲ್ಲದೆ ಶಾಲೆಗೆ ಗೈರುಹಾಜರಾಗುತ್ತಿದ್ದು, ತಾವು ಕೂಡಲೇ ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು.” ಯಾರ ಮೇಲೆ ದೂರು ಬರೆದಿದ್ದೆನೋ ಅವನ ಕೈಗೇ ಅದನ್ನು ಕೊಟ್ಟು, ಅಪ್ಪನಿಗೆ ತಲುಪಿಸು ಎಂದಿದ್ದೆ. ಅವನು ತಲುಪಿಸಿದ್ದರೂ ಕೆಲಸ ಆಗುತ್ತಿರಲಿಲ್ಲ ಎಂಬುದು ಆಮೇಲೆ ಮನೆಮನೆಗೆ ಹೋದಾಗ ತಿಳಿಯಿತು. ನಮ್ಮ ಹುಡುಗರಲ್ಲಿ ಬಹುಪಾಲು ಮಂದಿಯ ತಂದೆಯರು ಲಾರಿ ಚಾಲಕರು, ಎಪಿಎಂಸಿ ಯಾರ್ಡಿನ ಹಮಾಲರು, ಗಾರೆ ಕೆಲಸದವರು. ಉಳಿದವರು ತುರುವನೂರು, ಭರಮಸಾಗರ ಕಡೆಯಿಂದ ಬಸ್ಸಿನಲ್ಲಿ ಬರುವ ಸಣ್ಣ ರೈತರ ಮಕ್ಕಳು. ಸಂಜೆ ಮನೆಯಲ್ಲಿ ಸಿಗುವವಳು ತಾಯಿ. ಆಕೆಗೆ ಓದಲು ಬರದಿದ್ದರೆ, ಬಂದ ಕಾಗದವನ್ನು ಓದಿ ಹೇಳಬೇಕಾದವನು ಆ ಹುಡುಗನೇ. ಅಂದರೆ ನಾನು ಬರೆದ ಪ್ರತಿಯೊಂದು ಮಾತೂ ಅವನ ಬಾಯಿಂದಲೇ ತಾಯಿಯ ಕಿವಿಗೆ ಬೀಳಬೇಕಿತ್ತು. ಹದಿನಾಲ್ಕು ವರ್ಷದ ಹುಡುಗ ತನ್ನ ತಾಯಿಯ ಎದುರು ತಲೆತಗ್ಗಿಸದೆ ಓದಬಹುದಾದ ಪತ್ರವನ್ನು ಬರೆಯುವುದು ಹೇಗೆ ಎಂಬ ಪ್ರಶ್ನೆಯೇ ಮುಂದಿನ ಹತ್ತು ವರ್ಷ ನನ್ನ ಕೆಲಸವಾಯಿತು.

ಆ ವರ್ಷದ ದಸರಾ ರಜೆ ಮುಗಿದ ಮೇಲೆ, ಪ್ರತಿ ತಿಂಗಳ ಕೊನೆಯ ಶನಿವಾರ ಒಂದು ಹಾಳೆ ಹೊರಡಿಸಲು ಶುರು ಮಾಡಿದೆವು. ಒಂದು ಬದಿಯಲ್ಲಿ ಶಾಲೆಯ ಸುದ್ದಿ, ಇನ್ನೊಂದು ಬದಿಯಲ್ಲಿ ಮುಖ್ಯೋಪಾಧ್ಯಾಯನ ಮಾತು, ಅಡಿಯಲ್ಲಿ ಕತ್ತರಿಸಿ ವಾಪಸು ಕಳಿಸಲು ಎರಡು ಬೆರಳಗಲದ ಚೀಟಿ. ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ದೊಡ್ಡ ಅಕ್ಷರಗಳಲ್ಲಿ ನಾನೇ ಟೈಪು ಮಾಡುತ್ತಿದ್ದೆ. ಜೆರಾಕ್ಸ್ ಖರ್ಚನ್ನು ಮೊದಲ ವರ್ಷ ಶಿಕ್ಷಕರೆಲ್ಲ ಕೂಡಿ ಹಾಕಿಕೊಂಡೆವು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಕೊನೆಯ ಪಿರಿಯಡ್‌ನಲ್ಲಿ ಪ್ರತಿ ತರಗತಿಯಲ್ಲೂ ಹುಡುಗರೇ ಸರದಿಯಂತೆ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಮನೆಗೆ ಹೋಗುವ ಮುನ್ನ ಒಮ್ಮೆ ಬಾಯಲ್ಲಿ ಬಂದ ವಾಕ್ಯ ಮನೆಯಲ್ಲಿ ಎಡವುವುದಿಲ್ಲ ಎಂಬುದು ಕನ್ನಡ ಪಾಠ ಮಾಡುತ್ತಿದ್ದ ನಮ್ಮ ಸಹೋದ್ಯೋಗಿಯೊಬ್ಬರು ಕೊಟ್ಟ ಸಲಹೆ. ಇಡೀ ಏರ್ಪಾಟಿನಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಅದೇ ಎಂದು ಇಂದಿಗೂ ನಂಬಿದ್ದೇನೆ.

ಕರಡು ಸಿದ್ಧವಾದ ಮೇಲೆ ಎಂಟನೆಯ ತರಗತಿಯ ಒಬ್ಬ ಹುಡುಗನನ್ನು ನನ್ನ ಕೋಣೆಗೆ ಕರೆಸಿ, ನನ್ನೆದುರು ಓದಿಸುತ್ತಿದ್ದೆ. ಬೇಕೆಂದೇ ಓದಿನಲ್ಲಿ ಮುಂದಿರುವವನನ್ನು ಬಿಟ್ಟು, ನಡುವಿನ ಬೆಂಚಿನ ಹುಡುಗನನ್ನು ಆರಿಸುತ್ತಿದ್ದೆ. ಮೊದಲ ತಿಂಗಳು ಬಂದವನು “ಮೌಲ್ಯಮಾಪನದ ಅಂಕಗಳನ್ನು ಕ್ರೋಡೀಕರಿಸಿ” ಎಂಬಲ್ಲಿ ನಿಂತ. ಮೂರು ಸಲ ಪ್ರಯತ್ನಿಸಿ, ಬೆರಳನ್ನು ಆ ಪದದ ಮೇಲೆಯೇ ಇಟ್ಟುಕೊಂಡು ನನ್ನ ಮುಖ ನೋಡಿದ. “ಒಟ್ಟು ಸೇರಿಸಿ” ಎಂದು ತಿದ್ದಿದೆ. ಮುಂದಿನ ಸಾಲಿನಲ್ಲಿ ಅವನು ಉಸಿರು ಕಟ್ಟಿ ನಿಂತು, “ಸಾರ್, ಈ ವಾಕ್ಯ ಎಲ್ಲಿ ಮುಗೀತದೆ?” ಎಂದು ಕೇಳಿದ. ಆ ವಾಕ್ಯ ನಾಲ್ಕು ಸಾಲು ಉದ್ದವಿತ್ತು. ಅದನ್ನು ಮೂರಾಗಿ ಒಡೆದೆ. ಕಚೇರಿಯ ಸುತ್ತೋಲೆಗಳನ್ನು ಓದಿ ಓದಿ ನನ್ನ ಕೈಗೆ ಅಂಟಿದ್ದ “ತತ್ಸಂಬಂಧ”, “ಸದರಿ”, “ತಕ್ಕದ್ದು” ಮುಂತಾದವು ಹೀಗೆ ಒಂದೊಂದಾಗಿ ಉದುರಿದವು. ಮಾತು ಸರಳವಾದರೆ ಮುಖ್ಯೋಪಾಧ್ಯಾಯನ ಗಾಂಭೀರ್ಯಕ್ಕೆ ಕುಂದು ಎಂದು ಕೆಲವರು ಹೇಳಿದರು. ಆ ಮಾತನ್ನು ನಾನು ಒಪ್ಪಲಿಲ್ಲ.

ನನ್ನ ಮಾತಿನ ಬದಿಯಲ್ಲಿ ತಿಂಗಳಿಗೆ ಒಂದೇ ಕೋರಿಕೆ ಇರಬೇಕು ಎಂಬ ಕಟ್ಟು ಹಾಕಿಕೊಂಡೆ. ಸಮವಸ್ತ್ರ, ತಲೆಗೂದಲು, ಹೋಮ್‌ವರ್ಕ್, ಮೊಬೈಲು ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಮನೆಯವರು ಯಾವುದನ್ನೂ ಹಿಡಿಯುವುದಿಲ್ಲ. ಅತ್ಯಂತ ಕಷ್ಟದ ಕೋರಿಕೆ ಬರುತ್ತಿದ್ದುದು ದಸರಾ ರಜೆಯ ನಂತರ. ನಮ್ಮ ಜಿಲ್ಲೆಯಲ್ಲಿ ಈರುಳ್ಳಿ ಕೀಳುವ ಕೆಲಸ ಮುಗಿಯುವಷ್ಟರಲ್ಲಿ ಚಳ್ಳಕೆರೆ ಕಡೆ ಶೇಂಗಾ ಬಿಡಿಸುವ ಕಾಲ ಶುರುವಾಗುತ್ತದೆ. ಕೂಲಿಯಾಳು ಸಿಗದೆ, ಸಿಕ್ಕರೂ ಕೂಲಿ ಕೊಡಲಾಗದೆ, ಮನೆಯವರು ಗಂಡುಮಕ್ಕಳನ್ನು ಹೊಲಕ್ಕೆ ಇಳಿಸುತ್ತಾರೆ. ಮೊದಲ ವರ್ಷ ಆ ಬಗ್ಗೆ ಗದರಿಸಿ ಬರೆದೆ. ಯಾವ ಪರಿಣಾಮವೂ ಆಗಲಿಲ್ಲ. ಎರಡನೆಯ ವರ್ಷ ಹೀಗೆ ಬರೆದೆ: “ಅಮ್ಮ, ನಿಮ್ಮ ಹೊಲದ ಕೆಲಸ ಯಾವ ವಾರ ಎಂದು ಕೆಳಗಿನ ಚೀಟಿಯಲ್ಲಿ ಮಗನ ಕೈಯಿಂದ ಬರೆಸಿ ಕಳಿಸಿ. ಆ ವಾರ ನಡೆಯುವ ಪಾಠವನ್ನು ಬೆಳಿಗ್ಗೆ ಎಂಟೂವರೆಗೆ ಬಂದರೆ ನಾವು ಮತ್ತೆ ಹೇಳಿಕೊಡುತ್ತೇವೆ. ಒಂದು ವಾರಕ್ಕಿಂತ ಹೆಚ್ಚು ಅವನನ್ನು ಹೊಲದಲ್ಲಿ ಉಳಿಸಬೇಡಿ.” ಸೋಮವಾರ ಚೀಟಿಗಳು ಬಂದವು. ಕೆಲವರು ವಾರ ಬರೆದಿದ್ದರು, ಒಬ್ಬ ತಾಯಿ “ನಾಕು ದಿನ ಸಾಕು, ಬುಧವಾರದಿಂದ ಕಳಸ್ತೀನಿ” ಎಂದು ಮಗನ ಕೈಯಲ್ಲಿ ಬರೆಸಿ, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದ್ದಳು. ಮಗು ಶಾಲೆ ಬಿಟ್ಟು ಹೊಲಕ್ಕೆ ಹೋಗುವುದು ಸರಿಯೆಂದು ನಾನು ಹೇಳುತ್ತಿಲ್ಲ. ಆದರೆ ಹೋದವನು ತಿರುಗಿ ಬರುವ ದಿನ ಮೊದಲೇ ಗೊತ್ತಾಗಿದ್ದು ಇದೇ ಮೊದಲು, ಮತ್ತು ಆ ದಿನವನ್ನು ಹೇಳಿದವಳು ತಾಯಿ.

ಸುದ್ದಿಯ ಬದಿಯನ್ನು ಒಂಬತ್ತನೆಯ ತರಗತಿಯವರಿಗೆ ಬಿಟ್ಟುಕೊಟ್ಟೆ. ಆರಂಭದಲ್ಲಿ ಅವರು ಬರೆದು ತಂದದ್ದೆಲ್ಲ ಸಮಾರಂಭದ ವರದಿ: ಯಾರು ಅಧ್ಯಕ್ಷತೆ ವಹಿಸಿದರು, ಯಾರು ಜ್ಯೋತಿ ಬೆಳಗಿಸಿದರು, ವೇದಿಕೆಯ ಮೇಲೆ ಯಾರು ಯಾರು ಉಪಸ್ಥಿತರಿದ್ದರು. ದೊಡ್ಡವರ ಪತ್ರಿಕೆಗಳಲ್ಲಿ ಅವರು ಕಂಡಿದ್ದ ಮಾದರಿ ಅದು. ಆ ಹೆಸರುಗಳನ್ನೆಲ್ಲ ತೆಗೆದುಬಿಟ್ಟು, “ನೀನು ಕಣ್ಣಾರೆ ಕಂಡದ್ದು, ಅಮ್ಮನಿಗೆ ಗೊತ್ತಿಲ್ಲದ್ದು ಬರಿ” ಎಂದೆ. ಆಡಳಿತಕ್ಕೆ ಹತ್ತಿರವಿದ್ದ ಹಿರಿಯರೊಬ್ಬರು ತಮ್ಮ ಹೆಸರು ಬರಲಿಲ್ಲವೆಂದು ಬೇಸರಪಟ್ಟು ನನ್ನ ಕೋಣೆಗೇ ಬಂದರು. ಅವರಿಗೆ ಕುರ್ಚಿ ಹಾಕಿಸಿ, ಆ ತಿಂಗಳ ಹಾಳೆಯನ್ನು ಒಬ್ಬ ಹುಡುಗನಿಂದ ಓದಿಸಿದೆ. ಕೇಳಿ ಮುಗಿಸಿ ಅವರು ಮರುಮಾತಾಡದೆ ಹೋದರು. ಮುಂದಿನ ವರ್ಷದಿಂದ ಜೆರಾಕ್ಸ್ ಖರ್ಚು ಅವರೇ ಕೊಟ್ಟರು.

ಹುಡುಗರು ಬರೆದ ಸುದ್ದಿಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮೊದಲ ಬಾರಿಗೆ ತುಂಬಿ ಕೋಡಿ ಹರಿಯಿತು. ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ ಆ ಕಡೆಯ ಹುಡುಗನೊಬ್ಬ ಭಾನುವಾರ ಊರಿಗೆ ಹೋಗಿ ಬಂದು ಬರೆದ. ವೇದಾವತಿಗೆ ಕಟ್ಟಿದ ಆ ಅಣೆಕಟ್ಟು 1907ರಲ್ಲಿ ಮುಗಿದದ್ದು, ತುಂಬುವ ಮಟ್ಟ 130 ಅಡಿ ಎಂಬುದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅವನು ಬರೆದದ್ದು ತನ್ನ ಅಜ್ಜಿಯ ಬಗ್ಗೆ. ಮಾರಿಕಣಿವೆ ಕೋಡಿ ಬೀಳುವುದನ್ನು ತನ್ನ ಅಪ್ಪ ನೋಡಿದ್ದನಂತೆ, ತಾನು ನೋಡುತ್ತೇನೆಂದು ಅಂದುಕೊಂಡಿರಲಿಲ್ಲ ಎಂದು ಆಕೆ ಹೇಳಿ, ಸೀರೆಯ ಸೆರಗಿಗೆ ಆ ನೀರು ತಾಗಿಸಿಕೊಂಡಳಂತೆ. ಒಟ್ಟು ಒಂಬತ್ತು ವಾಕ್ಯ. ಆ ತಿಂಗಳ ಹಾಳೆಯನ್ನು ಕೆಲವರು ಗೋಡೆಗೆ ಅಂಟಿಸಿಕೊಂಡಿದ್ದನ್ನು ಮನೆಭೇಟಿಯಲ್ಲಿ ನಾನೇ ಕಂಡೆ. ಬಿಸಿಯೂಟದ ಅಡುಗೆಯಕ್ಕ ಬೆಳಿಗ್ಗೆ ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತಾಳೆ, ನೀರಿನ ಟ್ಯಾಂಕಿನ ಸೋರಿಕೆಯನ್ನು ಯಾರು ಮೊದಲು ಕಂಡು ಹೇಳಿದ, ಗ್ರಂಥಾಲಯದ ಪುಸ್ತಕಕ್ಕೆ ರಟ್ಟು ಕಟ್ಟಿದವರು ಯಾರು ಎಂಬಂಥ ಸುದ್ದಿಗಳೂ ಬಂದವು. ಅಂಕದಲ್ಲಿ ಮೊದಲಿಗನಾದವನ ಹೆಸರು ಹೇಗೂ ಬರುತ್ತಿತ್ತು. ಉಳಿದವರ ಹೆಸರೂ ವರ್ಷಕ್ಕೊಮ್ಮೆಯಾದರೂ ಬರುವಂತೆ ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಗುರುತು ಹಾಕುತ್ತಿದ್ದೆ.

ಕೆಟ್ಟ ಸುದ್ದಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ದೊಡ್ಡದು. 2016ರಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರು ಹುಡುಗರ ನಡುವೆ ಜಗಳವಾಗಿ ಒಬ್ಬನ ಮುಂಗೈ ಮೂಳೆ ಮುರಿಯಿತು. ಅವನನ್ನು ಆಸ್ಪತ್ರೆಗೆ ಸೇರಿಸಿ, ಎರಡೂ ಮನೆಯವರನ್ನು ಕರೆಸಿ ಮಾತಾಡಿದೆ. ಉಳಿದವರಿಗೆ ಹೇಳುವ ಅಗತ್ಯವಿಲ್ಲವೆಂದು ಸುಮ್ಮನಾದೆ. ಸಂಜೆಯ ಹೊತ್ತಿಗೆ ಲಕ್ಷ್ಮೀ ಬಜಾರಿನಲ್ಲಿ ಅದು ಚಾಕು ಇರಿತದ ಸುದ್ದಿಯಾಗಿತ್ತು. ಮರುದಿನ ಬೆಳಿಗ್ಗೆ ಗೇಟಿನ ಮುಂದೆ ನೂರಕ್ಕೂ ಹೆಚ್ಚು ಜನ ಸೇರಿದ್ದರು. ಒಬ್ಬ ತಾಯಿ ಅಳುತ್ತ ಮಗನ ಟಿ.ಸಿ. ಕೇಳಿದರು. ನನ್ನ ಮೌನವೇ ಆ ವದಂತಿಗೆ ಜಾಗ ಮಾಡಿಕೊಟ್ಟಿತ್ತು. ಅಂದಿನಿಂದ ಶಾಲೆಯಲ್ಲಿ ಅಂಥದ್ದೇನಾದರೂ ನಡೆದರೆ ಅದೇ ಸಂಜೆ, ಗಂಟೆ ಹೊಡೆಯುವ ಮುನ್ನ, ಅರ್ಧ ಹಾಳೆ ಬರೆದು ಎಲ್ಲರ ಕೈಗೆ ಕೊಡುತ್ತಿದ್ದೆ: ಏನಾಯಿತು, ಗಾಯವಾದವನು ಈಗ ಎಲ್ಲಿದ್ದಾನೆ, ನಾಳೆ ಶಾಲೆ ಇದೆಯೇ. ಯಾರದು ತಪ್ಪು ಎಂಬುದನ್ನು ಮಾತ್ರ ಬರೆಯುತ್ತಿರಲಿಲ್ಲ, ಹೆಸರನ್ನೂ ಬರೆಯುತ್ತಿರಲಿಲ್ಲ. ಆ ಪತ್ರವನ್ನು ಜಗಳವಾಡಿದವನೂ ಮನೆಯಲ್ಲಿ ಓದಬೇಕಿತ್ತಲ್ಲ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಹಾಳೆ ನಿಂತಿತು, ವಾಟ್ಸ್‌ಆ್ಯಪ್ ಗುಂಪು ಬಂತು. ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಗಿ ಬಡಾವಣೆಗಳ ಗುಡಿ ಜಗುಲಿಗಳಲ್ಲಿ, ಮರದಡಿಗಳಲ್ಲಿ ಪಾಠ ಮಾಡಿದಾಗ ಕೆಲವರ ಮುಖವಾದರೂ ಕಂಡಿತು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಫೋನು ಇರುತ್ತಿದ್ದುದು ತಂದೆಯ ಜೇಬಿನಲ್ಲಿ, ತಂದೆ ಇರುತ್ತಿದ್ದುದು ಲಾರಿಯ ಮೇಲೆ. ಬರೆದ ಸಂದೇಶ ತಾಯಿಗೆ ತಲುಪುತ್ತಿರಲಿಲ್ಲ. ಹಾಗಾಗಿ ಎರಡು ನಿಮಿಷ ಮೀರದಂತೆ ನನ್ನ ಧ್ವನಿಯಲ್ಲೇ ಮಾತಾಡಿ ರಾತ್ರಿ ಎಂಟೂವರೆಗೆ ಕಳಿಸತೊಡಗಿದೆ, ಗಂಡಸರು ಊಟಕ್ಕೆ ಕುಳಿತಾಗ ಮನೆಯವರೆಲ್ಲ ಕೇಳಲಿ ಎಂದು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳೊಂದಿಗೆ ನಡೆದಾಗ, ಉತ್ತರದ ವೃತ್ತವನ್ನು ಹೇಗೆ ತುಂಬಬೇಕೆಂದು ಹೇಳಿದ ಧ್ವನಿ ಸಂದೇಶವನ್ನು ಹುಡುಗರು ಹತ್ತಾರು ಸಲ ಕೇಳಿಸಿಕೊಂಡಿದ್ದರು. ಆದರೆ ಅದೇ ಗುಂಪಿನಲ್ಲಿ ಒಂದು ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಹೆಸರುಗಳ ಸಮೇತ ಹಾಕಿ ನಾನು ಮತ್ತೊಂದು ತಪ್ಪು ಮಾಡಿದೆ. ಪಟ್ಟಿಯ ಕೊನೆಯಲ್ಲಿದ್ದ ಹುಡುಗ ಆಮೇಲೆ ನಾಲ್ಕು ದಿನ ಯಾರ ಕರೆಯನ್ನೂ ತೆಗೆಯಲಿಲ್ಲ. ಚರಂಡಿಯಲ್ಲಿ ಬಿದ್ದ ಪತ್ರಗಳಿಂದ ಕಲಿತದ್ದನ್ನು ಫೋನು ಕೈಗೆ ಬಂದ ಕೂಡಲೇ ಮರೆತಿದ್ದೆ. ಅವನ ಮನೆಗೆ ಹೋಗಿ, ಅವನ ತಾಯಿಯ ಎದುರೇ ಅವನಿಗೆ “ನನ್ನದು ತಪ್ಪಾಯಿತಪ್ಪಾ” ಎಂದೆ. ಶಾಲೆ ತೆರೆದ ಮೇಲೆ ಹಾಳೆಯನ್ನು ಮತ್ತೆ ಶುರು ಮಾಡಿದೆವು.

ನನಗೆ ಕೊನೆಯ ಪರೀಕ್ಷೆ ಎದುರಾದದ್ದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ 2024ರ ಮೇ 9ರಂದು. ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ದೂರದಿಂದಲೇ ನೇರವಾಗಿ ಕಣ್ಣಿಡುವ ಏರ್ಪಾಟು, ಬಂದ ಆ ವರ್ಷ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಬಾಲಕಿಯರು ಶೇ. 81.11, ಬಾಲಕರು ಶೇ. 65.90. ಬಾಲಕರ ಶಾಲೆ ನಡೆಸುವವನಿಗೆ ಆ ಎರಡು ಅಂಕಿಗಳ ಅಂತರ ಎದೆಗೆ ಚುಚ್ಚುತ್ತದೆ. ನಮ್ಮಲ್ಲೂ ಹಲವರು ಉಳಿದುಕೊಂಡಿದ್ದರು. ಬೇಸಿಗೆ ರಜೆಯಾದ್ದರಿಂದ ಶನಿವಾರದ ಹಾಳೆ ಇರಲಿಲ್ಲ. ಅದೇ ವರ್ಷದಿಂದ ಪರೀಕ್ಷೆ-1, 2, 3 ಎಂದು ಮೂರು ಅವಕಾಶಗಳು ಬಂದಿದ್ದವು, ಆದರೆ ಆ ಮಾತು ಮನೆಗಳಿಗೆ ಸರಿಯಾಗಿ ತಲುಪಿರಲಿಲ್ಲ. ಫೇಲಾದರೆ ವರ್ಷವೇ ಹೋಯಿತು ಎಂದೇ ಎಲ್ಲರೂ ತಿಳಿದಿದ್ದರು. ಅಂದೇ ರಾತ್ರಿ ಕುಳಿತು ಪತ್ರ ಬರೆದೆ. ಅದರಲ್ಲಿ “ಅನುತ್ತೀರ್ಣ” ಎಂಬ ಪದವಿರಲಿಲ್ಲ. “ನಿನಗೆ ಎರಡು ವಿಷಯ ಉಳಿದಿವೆ. ಜೂನ್‌ನಲ್ಲಿ ಮತ್ತೆ ಪರೀಕ್ಷೆ ಇದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಾ, ಅರ್ಜಿ ನಾನೇ ತುಂಬಿಸುತ್ತೇನೆ, ಅಂದಿನಿಂದಲೇ ಪಾಠ” ಎಂದಿತ್ತು. ಮೂವರು ಶಿಕ್ಷಕರು ಬೈಕುಗಳಲ್ಲಿ ಹಂಚಿಕೊಂಡು ಹೊರಟೆವು.

ಮೆದೇಹಳ್ಳಿ ರಸ್ತೆಯ ಒಂದು ಮನೆಯಲ್ಲಿ ಹುಡುಗ ಒಳಕೋಣೆಯಿಂದ ಹೊರಗೆ ಬರಲಿಲ್ಲ. ತಾಯಿ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದವಳು ಎದ್ದು, ಪತ್ರವನ್ನು ಬಾಗಿಲ ಸಂದಿಯಿಂದ ಒಳಗೆ ಚಾಚಿ, “ಓದಪ್ಪಾ, ಮೇಷ್ಟ್ರು ಏನು ಬರ್ದಾರೆ ಕೇಳಾನ” ಎಂದಳು. ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಒಳಗಿಂದ ಮೆಲ್ಲಗೆ ಓದುವ ಧ್ವನಿ ಕೇಳಿತು. ಎರಡನೆಯ ವಾಕ್ಯಕ್ಕೆ ಗಟ್ಟಿಯಾಯಿತು. ನಾನು ಜಗುಲಿಯ ಮೇಲೆ ಕುಳಿತೇ ಇದ್ದೆ. ಸೋಮವಾರ ಹತ್ತು ಗಂಟೆಗೆ ಅವನು ಬಂದ, ಜುಲೈನಲ್ಲಿ ಎರಡೂ ವಿಷಯಗಳಲ್ಲಿ ಪಾಸಾದ.

ಆ ತಿಂಗಳ 31ಕ್ಕೆ ನಾನು ನಿವೃತ್ತನಾದೆ. ಕೊನೆಯ ಹಾಳೆಯ ಸುದ್ದಿಯ ಬದಿಯಲ್ಲಿ ಅವನ ಹೆಸರು ಬಂತು, ಯಾವ ಪರೀಕ್ಷೆಯಲ್ಲಿ ಪಾಸಾದನೆಂಬ ವಿವರವಿಲ್ಲದೆ, ಪಾಸಾದ ಇತರರ ಜೊತೆಯಲ್ಲೇ ಅಕಾರಾದಿಯಲ್ಲಿ. ನನ್ನ ಜಾಗಕ್ಕೆ ಬಂದವರು ಅಧಿಕಾರ ವಹಿಸಿಕೊಂಡಾಗ ದಾಖಲೆಗಳ ಪಟ್ಟಿಯ ಜೊತೆಗೆ ಹತ್ತು ವರ್ಷದ ಚೀಟಿಗಳ ಕಟ್ಟನ್ನು ಅವರ ಮೇಜಿನ ಮೇಲಿಟ್ಟೆ. ಆ ವರ್ಷ ಕರಡು ಓದಿ ಹೇಳುತ್ತಿದ್ದ ಎಂಟನೆಯ ತರಗತಿಯ ಹುಡುಗನನ್ನು ಕರೆಸಿ ಪರಿಚಯಿಸಿದೆ. ಅವರು ಅವನ ಕೈಗೆ ತಾವು ಬರೆದು ತಂದಿದ್ದ ಒಂದು ಹಾಳೆ ಕೊಟ್ಟರು, ಅವನು ನಿಂತುಕೊಂಡೇ ಓದತೊಡಗಿದ.