ಬಾಲಮಂದಿರದಿಂದ ಹೊರಡುವ ಮುನ್ನ: ನನ್ನ ಅನುಭವ

ಆಸರೆ, ರಕ್ಷಣೆ ಬೇಕಾದ ಹುಡುಗಿಯರು ಉಳಿಯುವ ಸರ್ಕಾರಿ ಬಾಲಮಂದಿರವೊಂದರಲ್ಲಿ ನಾನು ಆಪ್ತಸಮಾಲೋಚಕಿ. ಹದಿನೆಂಟು ತುಂಬಿದ ಮೇಲೆ ಇಲ್ಲಿಂದ ಹೊರಡಬೇಕಾದ ಹುಡುಗಿಯರನ್ನು ಹೊರಗಿನ ಬದುಕಿಗೆ ಅಣಿಗೊಳಿಸುವುದು ನನ್ನ ಪಾಲಿಗೆ ಬಂದ ಕೆಲಸ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಮಕ್ಕಳ ಗುರುತು ಬಯಲು ಮಾಡುವಂತಿಲ್ಲ. ಹಾಗಾಗಿ ಇಲ್ಲಿ ಯಾರ ಹೆಸರೂ ಊರೂ ಬರುವುದಿಲ್ಲ.

ತಯಾರಿಯನ್ನು ಹದಿನೈದಕ್ಕೇ ಶುರು ಮಾಡುತ್ತೇನೆ. ಆ ವಯಸ್ಸಿಗೆ ಆಧಾರ್‌ಗಾಗಿ ಬೆರಳಚ್ಚನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ. ಅದೇ ನೆಪದಲ್ಲಿ ಹುಡುಗಿಯ ದಾಖಲೆಗಳನ್ನೆಲ್ಲ ಅವಳೆದುರೇ ಮೇಜಿನ ಮೇಲೆ ಹರಡುತ್ತೇನೆ. ಶಾಲೆಯಲ್ಲಿ ಒಂದು ಜನ್ಮದಿನಾಂಕ, ಇಂಥ ಮಕ್ಕಳ ವಾಸ, ಪಾಲನೆಯನ್ನು ನಿರ್ಧರಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಲ್ಲಿ ಇನ್ನೊಂದು. ಆಧಾರ್‌ನಲ್ಲಿ ಇನಿಷಿಯಲ್ ಇದೆ, ಶಾಲೆಯಲ್ಲಿ ಇಲ್ಲ. ಇದನ್ನೆಲ್ಲ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗುವ ಮೊದಲೇ ಸರಿಪಡಿಸಿಬಿಡಬೇಕು. ಆಮೇಲೆ ಅಲೆಯುವುದು ಆ ಹುಡುಗಿ, ಅದೂ ಒಬ್ಬಳೇ. ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕ್ ಖಾತೆಯನ್ನು ತಾವೇ ನಿರ್ವಹಿಸಬಹುದು. ಆದ್ದರಿಂದ ಅವಳ ಚಲನ್ ಅವಳೇ ತುಂಬಲಿ ಎಂದು ಸುಮ್ಮನೆ ಪಕ್ಕದಲ್ಲಿ ನಿಲ್ಲುತ್ತೇನೆ.

ಕಾಗದಪತ್ರಗಳಿಗಿಂತ ಹೆಚ್ಚು ಹೊತ್ತು ಬೇಡುವುದು ಅಡುಗೆ ಮತ್ತು ದುಡ್ಡು. ದೊಡ್ಡ ಪಾತ್ರೆಗಳಿಗೆ ತರಕಾರಿ ಹೆಚ್ಚಿಕೊಟ್ಟು ಪಳಗಿದ ಹುಡುಗಿಯ ಮುಂದೆ ಒಮ್ಮೆ ಪುಟ್ಟ ಕುಕ್ಕರ್ ಇಟ್ಟೆ. ಅಕ್ಕಿ ಡಬ್ಬಿಯೊಳಗೆ ಕೈಯಿಟ್ಟವಳು ಹಾಗೆಯೇ ನಿಂತುಬಿಟ್ಟಳು. "ಅಕ್ಕಾ, ಒಬ್ಬರಿಗೆ ಎಷ್ಟು ಹಾಕಬೇಕು?" ಅವಳು ಬೆಳೆದ ಮನೆಯಲ್ಲಿ ಒಬ್ಬರಿಗಾಗಿ ಅನ್ನ ಬೆಂದದ್ದೇ ಇಲ್ಲ. ಒಂದು ಲೋಟ ಅಕ್ಕಿ, ಎರಡು ಲೋಟ ನೀರು ಎಂದು ಅಳೆದು ತೋರಿಸಿದೆ. ಉಳಿದ ಅನ್ನವನ್ನು ರಾತ್ರಿ ಚಿತ್ರಾನ್ನ ಮಾಡಿಕೊಳ್ಳಬಹುದು ಎಂದಾಗ ಅವಳ ಮುಖ ಅರಳಿತು.

ಅಧೀಕ್ಷಕರ ಅನುಮತಿ ಪಡೆದು ಸಂತೆಗೂ ಕರೆದೊಯ್ಯುತ್ತೇನೆ. ಮೊದಲ ಸಲ ಅದೇ ಹುಡುಗಿ ಹೇಳಿದ ಬೆಲೆ ಕೊಟ್ಟು, ಚೀಲ ಹಿಡಿದು ಬಂದಳು. ಕೆಲವು ವಾರಗಳ ನಂತರ ಟೊಮೆಟೊ ಜೊತೆಗೆ ಕರಿಬೇವನ್ನು ಕೊಸರಾಗಿ ಕೇಳಿ ತಂದಳು. ಲೆಕ್ಕದ ಪುಸ್ತಕದಲ್ಲಿ ಅದನ್ನೂ ಬರೆದಿದ್ದಳು, ಎದುರಿಗೆ ಸೊನ್ನೆ ರೂಪಾಯಿ. ಈ ಕಲಿಕೆಯನ್ನು ಯಾವ ತರಬೇತಿ ಶಿಬಿರವೂ ಕೊಡಲಾರದು ಎಂದೇ ನನ್ನ ನಂಬಿಕೆ.

ಇನ್ನೊಂದು ಅಭ್ಯಾಸ, "ನಿಮ್ಮ ಮನೆ ಎಲ್ಲಿ?" ಎಂಬ ಪ್ರಶ್ನೆಗೆ ಉತ್ತರ ಕೊಡುವುದು. ಪಿಜಿಯವರು ಕೇಳುತ್ತಾರೆ, ಕೆಲಸ ಕೊಡುವವರು ಕೇಳುತ್ತಾರೆ. ನಾನೇ ಪಿಜಿ ಒಡತಿಯಾಗಿ ಕುಳಿತು ಕೆಣಕಿ ಕೆಣಕಿ ಕೇಳುತ್ತೇನೆ. "ಸರ್ಕಾರಿ ನಿಲಯದಲ್ಲಿದ್ದು ಓದಿದೆ, ಬಾಡಿಗೆ ನಾನೇ ಕಟ್ಟುತ್ತೇನೆ" ಎಂದು ತಲೆಯೆತ್ತಿ ಹೇಳುವುದಕ್ಕೆ ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ.

ವರ್ಷಗಟ್ಟಲೆ ಸುಳಿಯದ ನೆಂಟರು ಹದಿನೆಂಟು ಹತ್ತಿರವಾಗುತ್ತಿದ್ದಂತೆ ಮದುವೆ ಪ್ರಸ್ತಾಪ ಹಿಡಿದು ಬರುವುದೂ ಉಂಟು. ಆಗ ಹುಡುಗಿಯನ್ನು ಒಂಟಿಯಾಗಿ ಕೂರಿಸಿಕೊಂಡು ಅವಳ ಇಚ್ಛೆ ಕೇಳುತ್ತೇನೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಕಡತದಲ್ಲಿ ದಾಖಲಿಸುತ್ತೇನೆ. ಈ ವಿಷಯದಲ್ಲಿ ನಾನು ಯಾರ ದಾಕ್ಷಿಣ್ಯಕ್ಕೂ ಬೀಳುವುದಿಲ್ಲ.

ಕಾಯ್ದೆಯ 46ನೇ ಕಲಮಿನಲ್ಲಿ ಹದಿನೆಂಟರ ನಂತರದ ನೆರವಿಗೆ ಅವಕಾಶವಿದೆ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಈ ನೆರವಿಗೆ, ಅಂದರೆ ಅನುಪಾಲನೆಗೆ, ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದ್ದು, ಸಾಮಾನ್ಯವಾಗಿ 21 ತುಂಬುವವರೆಗೆ ಸಿಗುತ್ತದೆ. ಆದರೆ ಹಣ ತಾನಾಗಿ ಬಂದು ಖಾತೆ ಸೇರುವುದಿಲ್ಲ. ಹದಿನೇಳೂವರೆಗೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪ್ರಸ್ತಾವ ಹೋಗಬೇಕು, ಹಿಂದೆ ಬಿದ್ದು ಕೇಳುತ್ತಿರಬೇಕು.

ನನ್ನನ್ನು ಹೆಚ್ಚು ಕಾಡುವುದು ದ್ವಿತೀಯ ಪಿಯುಸಿಯ ನಡುವೆ ಹದಿನೆಂಟು ತುಂಬುವ ಹುಡುಗಿಯರ ಪಾಡು. ಪರೀಕ್ಷೆ ಹತ್ತಿರ ಬಂದಾಗ ಊರು ಬದಲಾದರೆ ಓದು ಅಲ್ಲಿಗೇ ನಿಲ್ಲುತ್ತದೆ. ಅಂಥವರಿಗೆ ಪರೀಕ್ಷೆ ಮುಗಿಯುವವರೆಗೆ ಅದೇ ಊರಿನಲ್ಲಿ ವಾಸದ ವ್ಯವಸ್ಥೆ ಆಗಲೇಬೇಕೆಂದು ಮಕ್ಕಳ ಕಲ್ಯಾಣ ಸಮಿತಿಗೆ ಮುಂಚೆಯೇ ಬರೆಯುತ್ತೇನೆ. ಅರ್ಜಿಯ ಜೊತೆ ಕಾಲೇಜಿನ ಹಾಜರಾತಿ ಪತ್ರ, ಪರೀಕ್ಷಾ ವೇಳಾಪಟ್ಟಿ ಮತ್ತು ಹುಡುಗಿ ಸ್ವಂತ ಕೈಯಿಂದ ಬರೆದ ಮನವಿ, ಈ ಮೂರನ್ನೂ ಲಗತ್ತಿಸುತ್ತೇನೆ. ಸಮಿತಿಯ ಸದಸ್ಯರು ಮೊದಲು ಕೈಗೆತ್ತಿಕೊಳ್ಳುವುದು ಆ ಮನವಿಯನ್ನೇ.