ಸೆನ್ಸರ್ ವಾದಗಳನ್ನು ನಾನು ಒರೆಗೆ ಹಚ್ಚಿದ ಬಗೆ

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್ ಬಗ್ಗೆ ನಡೆಯುವ ಜಗಳಗಳಲ್ಲಿ ಮುಕ್ಕಾಲು ಪಾಲು ಬಣ್ಣದ್ದೇ. ಹಳೆಯ ಬಗೆಯ ಸಿಸಿಡಿ ಸೆನ್ಸರು ಕೊಡುತ್ತಿದ್ದ ಬಣ್ಣ ಈಗಿನ ಸಿಮಾಸ್ ಸೆನ್ಸರಿಗೆ ಬರುವುದಿಲ್ಲ ಎಂದು ಒಬ್ಬರು, ಬಣ್ಣವನ್ನು ಪದರಪದರವಾಗಿ ಅಳೆಯುವ ಫೋವಿಯಾನ್ ಸೆನ್ಸರಿನ ಚಿತ್ರ ನೋಡಿದ ಕಣ್ಣಿಗೆ ಪಿಕ್ಸೆಲ್‌ಗೆ ಒಂದೇ ಬಣ್ಣ ಅಳೆಯುವ ಬೇಯರ್ ವಿನ್ಯಾಸದ ಚಿತ್ರ ಸಪ್ಪೆ ಎಂದು ಇನ್ನೊಬ್ಬರು. ನೇಯ್ಗೆಯ ಬಟ್ಟೆ ಮತ್ತು ವರ್ಣಚಿತ್ರಗಳ ಫೋಟೊ ತೆಗೆಯುವುದು ನನ್ನ ಒಂದು ಕೆಲಸ, ರಂಗದ ಮೇಲಿನ ನೃತ್ಯ ಇನ್ನೊಂದು. ಮೊದಲನೆಯದಕ್ಕೆ ಬಣ್ಣ ಮತ್ತು ಎಳೆ ಎಳೆಯ ವಿವರ ಬೇಕು, ಎರಡನೆಯದಕ್ಕೆ ವೇಗ. ಹಾಗಾಗಿ ಈ ವಾದಗಳಲ್ಲಿ ನಿಜವೆಷ್ಟು ಎಂಬುದು ನನ್ನ ಮಟ್ಟಿಗೆ ಹೊಟ್ಟೆಪಾಡಿನ ಪ್ರಶ್ನೆ. ಕೈಗೆ ಸಿಕ್ಕ ಪ್ರತಿ ಬಗೆಯ ಸೆನ್ಸರನ್ನೂ ಒಂದೇ ಕ್ರಮದಲ್ಲಿ ಪರೀಕ್ಷೆ ಮಾಡುತ್ತ ಬಂದಿದ್ದೇನೆ. ಬಣ್ಣದ ಹೆಸರಿನಲ್ಲಿ ಸೆನ್ಸರಿಗೆ ಸಲ್ಲಿಸುವ ಹೊಗಳಿಕೆ ಹೆಚ್ಚಾಗಿ ಅದರ ಅಕ್ಕಪಕ್ಕದ ಭಾಗಗಳಿಗೆ ಸಲ್ಲಬೇಕಾದದ್ದು. ಸೆನ್ಸರುಗಳು ನಿಜವಾಗಿ ಬೇರೆಯಾಗುವುದು, ಕೂಡಿದ ಬೆಳಕನ್ನು ಓದಿ ಹೊರಗೆ ತರುವ ರೀತಿಯಲ್ಲಿ.

ಬೆಲ್ ಲ್ಯಾಬ್ಸ್‌ನಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ರೂಪಿಸಿದ ಸಿಸಿಡಿ (2009ರಲ್ಲಿ ಅವರಿಗೆ ನೊಬೆಲ್ ತಂದದ್ದು ಇದೇ) ಮತ್ತು 1990ರ ದಶಕದಲ್ಲಿ ಎರಿಕ್ ಫಾಸಮ್ ತಂಡ ಮುಂದೆ ತಂದ ಸಿಮಾಸ್, ಎರಡರಲ್ಲೂ ಬೆಳಕು ಹಿಡಿಯುವುದು ಸಿಲಿಕಾನ್. ಸಿಲಿಕಾನ್‌ಗೆ ಬಣ್ಣ ಗೊತ್ತಿಲ್ಲ, ಬಿದ್ದ ಬೆಳಕಿಗೆ ತಕ್ಕಷ್ಟು ಎಲೆಕ್ಟ್ರಾನ್ ಕೂಡಿಡುವುದಷ್ಟೇ ಅದರ ಕೆಲಸ. ಬಣ್ಣ ಬರುವುದು ಅದರ ಮೇಲೆ ಹಚ್ಚಿದ ಕೆಂಪು, ಹಸಿರು, ನೀಲಿ ಫಿಲ್ಟರುಗಳಿಂದ, ಅತಿಗೆಂಪು ತಡೆಯುವ ಗಾಜಿನಿಂದ, ಕೊನೆಗೆ ರಾ ಫೈಲನ್ನು (ಸೆನ್ಸರಿನ ಕಚ್ಚಾ ದಾಖಲೆ) ಚಿತ್ರವಾಗಿಸುವಾಗ ಬಣ್ಣ ಹೊಂದಿಸುವ ಪ್ರೊಫೈಲಿನಿಂದ.

ಇದನ್ನು ಕಣ್ಣಾರೆ ನೋಡಬೇಕೆಂದು ಹಳೆಯ ಸಿಸಿಡಿ ಕ್ಯಾಮೆರಾ ಒಂದನ್ನೂ ಅದೇ ಅಳತೆಯ ಸಿಮಾಸ್ ಕ್ಯಾಮೆರಾ ಒಂದನ್ನೂ ಸರದಿಯಲ್ಲಿ ಒಂದೇ ಟ್ರೈಪಾಡಿಗೆ ಏರಿಸಿದೆ. ಅಡಾಪ್ಟರ್ ಹಾಕಿ ಎರಡಕ್ಕೂ ಒಂದೇ ಮ್ಯಾನುಯಲ್ ಲೆನ್ಸ್, ಒಂದೇ ಸ್ಟುಡಿಯೊ ಫ್ಲಾಶ್. ಎದುರಿಗೆ 24 ಚೌಕಗಳ ಬಣ್ಣದ ಚಾರ್ಟ್, ಬಣ್ಣಬಣ್ಣದ ಬಟ್ಟೆಗಳು, ಒಂದು ಮುಖ. ಮೊದಲು ಆಯಾ ಕ್ಯಾಮೆರಾದ ಜೊತೆಗೇ ಬರುವ ಪ್ರೊಫೈಲಿನಲ್ಲಿ ಪ್ರಿಂಟ್ ಹಾಕಿದೆ. ನೋಡಿದವರೆಲ್ಲ ವ್ಯತ್ಯಾಸವನ್ನು ತಕ್ಷಣ ಗುರುತಿಸಿದರು, ಸಿಸಿಡಿ ಚಿತ್ರದ ಕೆಂಪು, ನೀಲಿಗಳು ಹೆಚ್ಚು ತುಂಬಿಕೊಂಡಿದ್ದವು. ಆಮೇಲೆ ಚಾರ್ಟಿನಿಂದ ಎರಡು ಕ್ಯಾಮೆರಾಗಳಿಗೂ ನಾನೇ ಪ್ರೊಫೈಲ್ ಕಟ್ಟಿ, ಗುರುತು ಬರೆಯದೆ ಪ್ರಿಂಟ್ ಕೊಟ್ಟೆ. ಅದೇ ಜನ, ಅದೇ ಮುಖ, ಅದೇ ಬಟ್ಟೆ. ಯಾವುದು ಸಿಸಿಡಿ ಎಂಬ ಉತ್ತರ ನಾಣ್ಯ ಚಿಮ್ಮಿದಂತೆ ಬರತೊಡಗಿತು. ಸಿಸಿಡಿಯನ್ನು ಪ್ರೀತಿಸುವ ಗೆಳೆಯರನ್ನು ನೋಯಿಸಲು ಈ ಮಾತು ಹೇಳುತ್ತಿಲ್ಲ. ಅವರು ಪ್ರೀತಿಸುವ ಬಣ್ಣ ನಿಜವಾಗಿಯೂ ಇದೆ, ಬೇಕಾದರೆ ಅದನ್ನು ಸಿಮಾಸ್ ಕ್ಯಾಮೆರಾದಲ್ಲೂ ಪಡೆಯಬಹುದು.

2006ರ ಲೈಕಾ ಎಂ8 ನೆನಪಿಸಿಕೊಳ್ಳಿ. ಅದರಲ್ಲಿದ್ದದ್ದು ಸಿಸಿಡಿ, ಆದರೆ ಕಪ್ಪು ಸಿಂಥೆಟಿಕ್ ಬಟ್ಟೆಗಳು ನೇರಳೆಗೆ ತಿರುಗುತ್ತಿದ್ದವು. ಕಾರಣ ತೆಳುವಾದ ಅತಿಗೆಂಪು ಫಿಲ್ಟರು. ಲೆನ್ಸಿನ ಮುಂದೆ ಅತಿಗೆಂಪು ತಡೆಯುವ ಫಿಲ್ಟರು ಹಾಕಿದರೆ ಬಣ್ಣ ಸರಿಹೋಗುತ್ತಿತ್ತು. ಸೆನ್ಸರಿನ ರಚನೆಯೇ ಚಿತ್ರವನ್ನು ಬದಲಿಸಿದ ಉದಾಹರಣೆಯೂ ಇದೆ. ಫ್ಯೂಜಿಯ 2004ರ ಎಸ್3 ಪ್ರೊದಲ್ಲಿದ್ದ ಸೂಪರ್ ಸಿಸಿಡಿ ಎಸ್ಆರ್‌ನಲ್ಲಿ ಬೆಳಕು ಹಿಡಿಯುವ ಪ್ರತಿ ದೊಡ್ಡ ಫೋಟೊಡಯೋಡಿನ ಜೊತೆಗೊಂದು ಚಿಕ್ಕದಿತ್ತು. ದೊಡ್ಡದು ತುಂಬಿ ತುಳುಕಿದಾಗಲೂ ಚಿಕ್ಕದರಲ್ಲಿ ಜಾಗ ಉಳಿದಿರುತ್ತಿತ್ತು. ಬಿಳಿ ಉಡುಪಿನ ಮಡಿಕೆಗಳು ಅದರಲ್ಲಿ ಉಳಿಯುತ್ತಿದ್ದದ್ದು ಭ್ರಮೆಯಲ್ಲ.

ನೆರಳಿನ ಪರೀಕ್ಷೆ ಇನ್ನೂ ಸುಲಭ, ಯಾರು ಬೇಕಾದರೂ ಮಾಡಬಹುದು. ಅತಿ ಕಡಿಮೆ ಐಎಸ್ಓದಲ್ಲಿ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಂಕಿ) ಬೇಕಾದದ್ದಕ್ಕಿಂತ ಐದು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ) ಕತ್ತಲಾಗಿ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಐದು ಸ್ಟಾಪ್ ಮೇಲೆತ್ತಿ. ನನ್ನ ಸಿಸಿಡಿ ಕ್ಯಾಮೆರಾದ ನೆರಳುಗಳಲ್ಲಿ ಬಣ್ಣದ ಗೀರುಗಳು ಎದ್ದವು. ಪ್ರತಿ ಕಾಲಮ್ಮಿಗೂ ತನ್ನದೇ ಡಿಜಿಟಲ್ ಪರಿವರ್ತಕವಿರುವ ಸಿಮಾಸ್‌ನಲ್ಲಿ ನುಣ್ಣನೆಯ ಕಾಳು ಬಿಟ್ಟರೆ ಏನೂ ಇರಲಿಲ್ಲ. ಸಿಸಿಡಿಯಲ್ಲಿ ಲಕ್ಷಾಂತರ ಪಿಕ್ಸೆಲ್‌ಗಳ ಚಾರ್ಜು ಸಾಲಾಗಿ ಸರಿದು ಒಂದೆರಡು ಆಂಪ್ಲಿಫೈಯರುಗಳ ಮೂಲಕವೇ ಹೊರಬರಬೇಕು. ಆತುರದಿಂದ ಓದಿದಷ್ಟೂ ನಾಯ್ಸ್, ಅಂದರೆ ಚಿತ್ರವನ್ನು ಕೆಡಿಸುವ ಕಾಳು, ಕಲೆ ಹೆಚ್ಚು. ಹಾಗೆಂದು ಸಿಸಿಡಿ ಕೀಳು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಚಿಲಿಯ ರೂಬಿನ್ ವೀಕ್ಷಣಾಲಯದ 3,200 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 189 ಸಿಸಿಡಿಗಳಿವೆ, ಒಂದೊಂದಕ್ಕೂ 16 ಹೊರದಾರಿಗಳು, ತಣ್ಣಗೆ ಇಡುವ ವ್ಯವಸ್ಥೆ ಬೇರೆ. ಓದುವ ದಾರಿ ಹೆಚ್ಚಿಸಿದರೆ, ತಂಪಾಗಿಟ್ಟರೆ ಅದು ಎಂಥ ಕೆಲಸವನ್ನಾದರೂ ಮಾಡುತ್ತದೆ. ಕೈಯಲ್ಲಿ ಹಿಡಿಯುವ ಕ್ಯಾಮೆರಾದಲ್ಲಿ ಅದಕ್ಕೆಲ್ಲ ಜಾಗವಿಲ್ಲ.

ಫೋವಿಯಾನ್ ವಿಷಯ ಬೇರೆ. ಅದರ ಪರವಾಗಿ ನಾನು ಇವತ್ತಿಗೂ ವಾದಿಸುತ್ತೇನೆ. ಕೊಡಾಕ್‌ನ ಬ್ರೈಸ್ ಬೇಯರ್ 1970ರ ದಶಕದಲ್ಲಿ ಕೊಟ್ಟ ವಿನ್ಯಾಸದಲ್ಲಿ ಅರ್ಧದಷ್ಟು ಪಿಕ್ಸೆಲ್ ಹಸಿರು, ಕೆಂಪು ಮತ್ತು ನೀಲಿ ತಲಾ ಕಾಲು ಭಾಗ. ಉಳಿದದ್ದನ್ನು ಸಾಫ್ಟ್‌ವೇರ್ ಅಕ್ಕಪಕ್ಕ ನೋಡಿ ಊಹಿಸುತ್ತದೆ. ಸಿಗ್ಮಾದ ಎಸ್‌ಡಿ9ರಲ್ಲಿ 2002ಕ್ಕೆ ಬಂದ ಫೋವಿಯಾನ್, ಸಿಲಿಕಾನ್‌ನಲ್ಲಿ ನೀಲಿ ಬೆಳಕು ಮೇಲ್ಪದರದಲ್ಲೇ ಹೀರಿಹೋಗುತ್ತದೆ, ಕೆಂಪು ಆಳಕ್ಕಿಳಿಯುತ್ತದೆ ಎಂಬುದನ್ನೇ ಬಳಸಿಕೊಂಡು ಒಂದೇ ಜಾಗದಲ್ಲಿ ಮೂರು ಪದರಗಳಲ್ಲಿ ಅಳೆಯುತ್ತದೆ. ಕಡುಗೆಂಪು ಬಟ್ಟೆಯೊಂದನ್ನು ಎರಡರಲ್ಲೂ ತೆಗೆದು ನೋಡಿ. ಬೇಯರ್‌ನಲ್ಲಿ ಕಾಲು ಭಾಗ ಪಿಕ್ಸೆಲ್‌ಗಳಷ್ಟೇ ಆ ಬಟ್ಟೆಯನ್ನು ಸರಿಯಾಗಿ ಕಾಣುತ್ತವೆ, ಎಳೆಗಳು ಕಲಸಿಹೋಗುತ್ತವೆ. ಫೋವಿಯಾನ್‌ನಲ್ಲಿ ಹಾಸು ಹೊಕ್ಕು ಎರಡೂ ಬಿಡಿಬಿಡಿಯಾಗಿ ನಿಲ್ಲುತ್ತವೆ, ಬಟ್ಟೆಯಲ್ಲಿ ಇಲ್ಲದ ಬಣ್ಣದ ಅಲೆಗಳು, ಅಂದರೆ ಮೊಯಿರೆ, ಸುಳಿಯುವುದಿಲ್ಲ. ಆದರೆ ಪದರಗಳು ಬಣ್ಣವನ್ನು ಶುದ್ಧವಾಗಿ ಬೇರ್ಪಡಿಸುವುದಿಲ್ಲ, ಒಂದರ ಬಣ್ಣ ಇನ್ನೊಂದರಲ್ಲೂ ಬೆರೆತಿರುತ್ತದೆ. ಅದನ್ನು ಬಿಡಿಸುವ ಲೆಕ್ಕದಲ್ಲಿ ನಾಯ್ಸ್ ಕೂಡ ಬೆಳೆಯುತ್ತದೆ. ಐಎಸ್ಓ 100ರಲ್ಲಿ ಕಣ್ಣು ತೆಗೆಯಲಾಗದಂಥ ಚಿತ್ರ ಕೊಡುವ ಸೆನ್ಸರು, 800 ದಾಟುವಷ್ಟರಲ್ಲಿ ಹಸಿರು, ನೇರಳೆ ಕಲೆಗಳನ್ನು ಕೊಡತೊಡಗುತ್ತದೆ. ರಂಗಕ್ಕೆ ಅದನ್ನು ಒಯ್ಯುವ ಮಾತೇ ಇಲ್ಲ.

ಫ್ಯೂಜಿಯ ಎಕ್ಸ್-ಟ್ರಾನ್ಸ್ ಸೆನ್ಸರಿನ ಬಗ್ಗೆ ಎರಡೇ ಮಾತು. 36 ಪಿಕ್ಸೆಲ್‌ಗಳ ಚೌಕದಲ್ಲಿ 20 ಹಸಿರು, 8 ಕೆಂಪು, 8 ನೀಲಿ ಇಟ್ಟು ಮೊಯಿರೆ ತಗ್ಗಿಸುವ ಉಪಾಯ ಅದು. ಎಲೆ, ಹುಲ್ಲುಗಳಲ್ಲಿ ಹುಳು ಹರಿದಂಥ ಗುರುತು ಕಂಡರೆ ಸೆನ್ಸರನ್ನು ದೂರುವ ಮೊದಲು ರಾ ಪರಿವರ್ತಕವನ್ನು ಬದಲಿಸಿ ನೋಡಿ.

ಇನ್ನು ವೇಗ. ಇಲ್ಲಿ ಅಭಿಪ್ರಾಯಕ್ಕೆ ಜಾಗವೇ ಇಲ್ಲ, ಎಣಿಸಿಬಿಡಬಹುದು. ಸೆಕೆಂಡಿಗೆ 500 ಬಾರಿ ಮಿನುಗುವ ಹಾಗೆ ಒಂದು ಎಲ್‌ಇಡಿಯನ್ನು ಚಿಕ್ಕ ಮೈಕ್ರೊಕಂಟ್ರೋಲರಿಗೆ ಜೋಡಿಸಿ. ಲೆನ್ಸ್ ಕಳಚಿ, ಆ ಬೆಳಕು ಸೆನ್ಸರಿಗೆ ನೇರ ಬೀಳುವಂತೆ ಇಡಿ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ 1/4000 ಸೆಕೆಂಡಿಗೆ ಒಂದು ಫೋಟೊ ತೆಗೆಯಿರಿ. ಸೆನ್ಸರು ಸಾಲು ಸಾಲಾಗಿ ಓದುವುದರಿಂದ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಬರುತ್ತವೆ. ಒಂದು ಬೆಳಕಿನ ಪಟ್ಟೆ, ಒಂದು ಕತ್ತಲ ಪಟ್ಟೆ ಸೇರಿ 2 ಮಿಲಿಸೆಕೆಂಡು. ಅಂಥ 20 ಜೋಡಿ ಕಂಡರೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಲು 40 ಮಿಲಿಸೆಕೆಂಡು, ಅಂದರೆ 1/25 ಸೆಕೆಂಡು ಬೇಕಾಯಿತು. ಅಷ್ಟರಲ್ಲಿ ನರ್ತಕಿಯ ಕೈ ಸಾಕಷ್ಟು ದೂರ ಸರಿದಿರುತ್ತದೆ, ಬಾಗಿದ ಮುಂಗೈ ಚಿತ್ರದಲ್ಲಿ ಬರುತ್ತದೆ. ಪಿಕ್ಸೆಲ್ ಪದರದ ಕೆಳಗೆ ಮೆಮೊರಿ ಜೋಡಿಸಿದ ಸ್ಟ್ಯಾಕ್ಡ್ ಸೆನ್ಸರಿನಲ್ಲಿ ಇದೇ ಪರೀಕ್ಷೆ ಮಾಡಿದರೆ ಪಟ್ಟೆಗಳು ಬೆರಳೆಣಿಕೆಗೆ ಇಳಿಯುತ್ತವೆ. 2017ರಲ್ಲಿ ಸೋನಿ ಎ9 ಈ ದಾರಿ ತೋರಿಸಿತು, 2021ರ ನಿಕಾನ್ ಝಡ್9 ಅದನ್ನೇ ನಂಬಿ ಮೆಕ್ಯಾನಿಕಲ್ ಶಟರನ್ನು ಪೂರ್ತಿ ಕೈಬಿಟ್ಟಿತು.

ಎಲ್ಲ ಪಿಕ್ಸೆಲ್‌ಗಳನ್ನೂ ಒಂದೇ ಗಳಿಗೆಯಲ್ಲಿ ಮುಚ್ಚುವ ಗ್ಲೋಬಲ್ ಶಟರ್ ದೊಡ್ಡ ಸೆನ್ಸರಿನ (ಫುಲ್‌ಫ್ರೇಮ್) ಮಿರರ್‌ಲೆಸ್ ಕ್ಯಾಮೆರಾಗೆ ಬಂದದ್ದು 2023ರಲ್ಲಿ ಪ್ರಕಟವಾದ ಸೋನಿ ಎ9 ಮಾರ್ಕ್ 3ರಲ್ಲಿ. ಪಟ್ಟೆಯೂ ಇಲ್ಲ, ಓರೆಯೂ ಇಲ್ಲ, ಯಾವ ಶಟರ್ ವೇಗದಲ್ಲೂ ಫ್ಲಾಶ್ ಕೂಡುತ್ತದೆ. ಆದರೆ ಪ್ರತಿ ಪಿಕ್ಸೆಲ್ ಪಕ್ಕದಲ್ಲಿ ಚಾರ್ಜು ಕಾಯ್ದಿಡುವ ಜಾಗ ಬೇಕಲ್ಲ, ಅಷ್ಟು ಬೆಳಕಿನ ಪಾಲು ಕಡಿಮೆ. ಅದರ ಮೂಲ ಐಎಸ್ಓ 250ರಿಂದ ಶುರುವಾಗುತ್ತದೆ. ಸಿಸಿಡಿ ಅಭಿಮಾನಿಗಳು ಹೆಮ್ಮೆಪಡಬಹುದಾದ ಸಂಗತಿ ಇಲ್ಲಿದೆ: ಇಡೀ ಚಿತ್ರದ ಚಾರ್ಜನ್ನು ಒಮ್ಮೆಲೇ ಮುಚ್ಚಿದ ಕಾಲಮ್ಮುಗಳಿಗೆ ಸರಿಸುವ ಇಂಟರ್‌ಲೈನ್ ಸಿಸಿಡಿಗಳು ಇದೇ ಕೆಲಸವನ್ನು ಎಷ್ಟೋ ಹಿಂದೆಯೇ ಮಾಡುತ್ತಿದ್ದವು. 1999ರ ನಿಕಾನ್ ಡಿ1, 2004ರ ಡಿ70ಗಳಲ್ಲಿ 1/500 ಸೆಕೆಂಡಿನ ಶಟರಿಗೂ ಫ್ಲಾಶ್ ಕೂಡಲು ಸಾಧ್ಯವಾಗಿದ್ದು ಅದರಿಂದಲೇ. ಸಿಸಿಡಿಯ ಬಣ್ಣ ಹೊಗಳುವಷ್ಟು ಬಾಯಿತುಂಬ ಈ ಗುಣವನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ.

ರಂಗಕ್ಕೆ ನಾನು ಈಗ ಒಯ್ಯುವುದು ಸ್ಟ್ಯಾಕ್ಡ್ ಸೆನ್ಸರು. ಗ್ಲೋಬಲ್ ಶಟರ್ ಮೋಹಕವೇ, ಆದರೆ ಕತ್ತಲ ರಂಗದಲ್ಲಿ ನೆರಳಿನ ವಿವರ ನನಗೆ ಹೆಚ್ಚು ಬೇಕು. ಬಟ್ಟೆ, ವರ್ಣಚಿತ್ರಗಳಿಗೆ ಸೆನ್ಸರನ್ನು ಒಂದೊಂದು ಪಿಕ್ಸೆಲ್ ಸರಿಸಿ ನಾಲ್ಕು ಚಿತ್ರ ತೆಗೆಯುವ ಪಿಕ್ಸೆಲ್ ಶಿಫ್ಟ್ ಬಳಸುತ್ತೇನೆ. ಪ್ರತಿ ಬಿಂದುವಿಗೂ ಮೂರೂ ಬಣ್ಣದ ಅಳತೆ ಸಿಗುವುದರಿಂದ ಬೇಯರ್‌ನ ಊಹೆ ಅಲ್ಲಿಗೆ ಮುಗಿಯುತ್ತದೆ. ಒಂದೇ ಷರತ್ತು, ಎದುರಿನ ವಸ್ತು ಅಲುಗಾಡಬಾರದು. ತೂಗುಹಾಕಿದ ಬಟ್ಟೆ ಗಾಳಿಗೆ ಚೂರು ಆಡಿದರೂ ನಾಲ್ಕು ಚಿತ್ರ ಒಂದಕ್ಕೊಂದು ಕೂಡುವುದಿಲ್ಲ. ಆಗ ಫೋವಿಯಾನ್ ಕ್ಯಾಮೆರಾವನ್ನೇ ಟ್ರೈಪಾಡಿಗೆ ಏರಿಸಿ, ಐಎಸ್ಓ 100ಕ್ಕೆ ಇಟ್ಟು, ಫ್ಲಾಶ್ ಹೆಚ್ಚಿಸುತ್ತೇನೆ.