ಮೂರೂವರೆ ಡಾಲರಿನ ಬಸ್ಸಿನಲ್ಲಿ ಬಾರ್ಬಡೋಸ್: ನನ್ನ ಅನುಭವ

ಬಾಡಿಗೆ ಕಾರು ಹಿಡಿಯದೆ, ಟೂರ್ ವ್ಯಾನ್ ಹತ್ತದೆ, ಊರಿನವರು ಓಡಾಡುವ ಬಸ್ಸಿನಲ್ಲೇ ಕೆರಿಬಿಯನ್‌ನ ಬಾರ್ಬಡೋಸ್ ದ್ವೀಪವನ್ನು ಸುತ್ತಿ ಬರುತ್ತೇವೆ ಎಂದಾಗ ಟೊರೊಂಟೊದ ನಮ್ಮ ಗೆಳೆಯರ ಬಳಗದಲ್ಲಿ ನಂಬಿದವರು ಒಬ್ಬರೂ ಇರಲಿಲ್ಲ. ಅವರ ಅನುಮಾನಕ್ಕೆ ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಇದೇ ಪ್ರಯತ್ನದಲ್ಲಿ ಸೋತು, ಕೊನೆಯ ಮೂರು ದಿನ ಟ್ಯಾಕ್ಸಿಗೆ ಸುಮಾರು 800 ಬಾರ್ಬಡೋಸ್ ಡಾಲರ್ ತೆತ್ತು ಬಂದಿದ್ದೆ. 2025ರ ಫೆಬ್ರವರಿಯಲ್ಲಿ ತಪ್ಪುಗಳನ್ನು ತಿದ್ದಿಕೊಂಡು ಮತ್ತೆ ಹೋದೆವು. ಏಳು ದಿನ ಇಬ್ಬರು ಓಡಾಡಿದ್ದಕ್ಕೆ ಆದ ಒಟ್ಟು ಖರ್ಚು 170 ಡಾಲರಿನ ಆಸುಪಾಸು, ಅಂದರೆ 85 ಅಮೆರಿಕನ್ ಡಾಲರ್. ಕಾರಿಗೆ ಕೇಳಿದ್ದು ದಿನವೊಂದಕ್ಕೇ ಹತ್ತಿರ ಹತ್ತಿರ 75 ಅಮೆರಿಕನ್ ಡಾಲರ್!

ಮೊದಲ ಸಲ ಎಡವಿದ್ದು ಎಲ್ಲಿ ಎಂಬುದನ್ನು ಹೇಳಲೇಬೇಕು. ಪಶ್ಚಿಮ ಕರಾವಳಿಯ ದುಬಾರಿ ಹೋಟೆಲಿನಲ್ಲಿ ಉಳಿದಿದ್ದೆವು. ದ್ವೀಪದ ಬಸ್ಸುಗಳಲ್ಲಿ ಹೆಚ್ಚಿನವು ರಾಜಧಾನಿ ಬ್ರಿಡ್ಜ್‌ಟೌನ್ ಮೂಲಕವೇ ಹಾದುಹೋಗುವುದರಿಂದ ದಿನವೂ ಅಲ್ಲಿಗೆ ಬಂದು ಬಸ್ಸು ಬದಲಿಸುವುದರಲ್ಲೇ ಬೆಳಗಿನ ಹೊತ್ತು ಕಳೆಯುತ್ತಿತ್ತು. ನಿಲ್ದಾಣದ ಕಂಬಗಳ ಮೇಲೆ 'ಟು ಸಿಟಿ', 'ಔಟ್ ಆಫ್ ಸಿಟಿ' ಎಂದಷ್ಟೇ ಬರೆದಿರುತ್ತದೆ. ಅದನ್ನು ಗಮನಿಸದೆ ಒಂದು ದಿನ ಮುಕ್ಕಾಲು ಗಂಟೆ ರಸ್ತೆಯ ತಪ್ಪು ಬದಿಯಲ್ಲಿ ಕಾದೆ. ನೀಲಿ ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ಮರಳಿ ಕೊಡುವುದಿಲ್ಲ ಎಂಬುದು ಹತ್ತರ ನೋಟು ಹಾಕಿದ ಮೇಲೆ ಅರ್ಥವಾಯಿತು. ಪೂರ್ವ ಕರಾವಳಿಯ ಬತ್‌ಶೀಬಾದಲ್ಲಿ ಕತ್ತಲಾಗುವವರೆಗೆ ಕಡಲು ನೋಡುತ್ತ ಕುಳಿತು ಬಸ್ಸು ತಪ್ಪಿಸಿಕೊಂಡ ದಿನ ಟ್ಯಾಕ್ಸಿಗೆ ನೂರು ಡಾಲರ್ ಹೋಯಿತು.

ಈ ಸಲ ದಕ್ಷಿಣದ ಹೇಸ್ಟಿಂಗ್ಸ್‌ನಲ್ಲಿ ಅಡುಗೆಮನೆ ಇರುವ ಕೋಣೆ ಹಿಡಿದೆವು. ಅಲ್ಲಿಂದ ಗ್ಯಾರಿಸನ್ ಎಂಬ ಹಳೆಯ ಬ್ರಿಟಿಷ್ ಸೇನಾನೆಲೆ ನಡಿಗೆಯ ದೂರ. ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ 1751ರಲ್ಲಿ ತಂಗಿದ್ದ ಮನೆ, ಕುದುರೆ ಓಟದ ಬಯಲು ಎಲ್ಲವೂ ಅಲ್ಲೇ ಇವೆ. ಬ್ರಿಡ್ಜ್‌ಟೌನಿಗೆ 'ಜೆಡ್‌ಆರ್' ಎಂಬ ಖಾಸಗಿ ವ್ಯಾನುಗಳು ಬಿಡುವಿಲ್ಲದೆ ಓಡುತ್ತವೆ. ಬಿಳಿ ಮೈಗೆ ಕಡುಗೆಂಪು ಪಟ್ಟಿ, ಜೋರು ಸಂಗೀತ, ಮೂವರ ಸೀಟಿನಲ್ಲಿ ನಾಲ್ವರು. ನಮ್ಮ ಕಾರ್ಕಳ ಕಡೆಯ ಸರ್ವಿಸ್ ಬಸ್ಸಿನಲ್ಲಿ ಬೆಳೆದವನಿಗೆ ಅದು ಕಷ್ಟವೆನಿಸಲಿಲ್ಲ. ಎಲ್ಲಿ ಹತ್ತಿ ಎಲ್ಲಿ ಇಳಿದರೂ ದರ ಮೂರೂವರೆ ಡಾಲರ್. ಹೋದ ದಿನವೇ ಒಂದು ಡಾಲರಿನ ಮತ್ತು ಇಪ್ಪತ್ತೈದು ಸೆಂಟಿನ ನಾಣ್ಯಗಳನ್ನು ಡಬ್ಬಿ ತುಂಬ ಕೂಡಿಸಿಟ್ಟುಕೊಂಡೆ. ಬ್ರಿಡ್ಜ್‌ಟೌನಿನಲ್ಲಿ ಪೂರ್ವಕ್ಕೆ ಹೋಗಲು ಫೇರ್‌ಚೈಲ್ಡ್ ಸ್ಟ್ರೀಟ್, ಉತ್ತರಕ್ಕೆ ಪ್ರಿನ್ಸೆಸ್ ಆಲಿಸ್ ನಿಲ್ದಾಣ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಹೊರಡುವ ಹೊತ್ತನ್ನು ನಾನು ಹೇಗೆ ಗೊತ್ತುಮಾಡಿಕೊಳ್ಳುತ್ತಿದ್ದೆ ಎಂಬ ಗುಟ್ಟನ್ನು ಮಾತ್ರ ಇಲ್ಲಿ ಬಿಟ್ಟುಕೊಡುವುದಿಲ್ಲ. ಅದಕ್ಕೆ ಒಂದು ವಾರದ ಬೆವರು ಸುರಿಸಿದ್ದೇನೆ.

ಇಡೀ ಪ್ರವಾಸದಲ್ಲಿ ನನಗೆ ಅತಿ ಪ್ರಿಯವಾದದ್ದು ಪೂರ್ವದ ದಾರಿ. ಬಸ್ಸು ಕಬ್ಬಿನ ಗದ್ದೆಗಳ ನಡುವೆ ಏರುತ್ತ ಹೋಗಿ, ಒಂದು ತಿರುವಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಮ್ಮೆಲೇ ಕಣ್ಣೆದುರು ತೆರೆದಿಟ್ಟು, ಬತ್‌ಶೀಬಾದ ಕಡೆಗೆ ಇಳಿಯುತ್ತದೆ. ದಡದ ಹವಳಶಿಲೆಯ ಬಂಡೆಗಳ ಬುಡವನ್ನು ಅಲೆಗಳು ಸವೆಸಿರುವುದರಿಂದ ಅವು ಅಣಬೆಗಳಂತೆ ನಿಂತಿವೆ. ಸೆಳೆತ ಅಪಾಯಕಾರಿ, ಈಜುವ ಆಸೆಯನ್ನು ಪಶ್ಚಿಮದ ಶಾಂತ ಕಡಲಿಗೆ ಕಾದಿರಿಸಿಕೊಳ್ಳಬೇಕು. ಒಂದು ದಿನ ಬಾತ್ ಎಂಬಲ್ಲಿಂದ ಬತ್‌ಶೀಬಾವರೆಗೆ ಹಳೆಯ ರೈಲುಹಾದಿಯ ಗುಂಟ ನಡೆದು ನೋಡಿದೆವು. 1881ರಲ್ಲಿ ಆರಂಭವಾಗಿ 1937ರಲ್ಲಿ ನಿಂತುಹೋದ ರೈಲದು. ಎರಡೂವರೆ ಗಂಟೆ ಹಿಡಿಯಿತು. ಎಡಕ್ಕೆ ಗುಡ್ಡ, ಬಲಕ್ಕೆ ಕಡಲು, ದಾರಿಯುದ್ದಕ್ಕೂ ತೆಂಗು. ಕಡಲತೀರದಲ್ಲಿ ಕಾಂಡಕ್ಕೆ ಕೆಂಪು ಪಟ್ಟಿ ಬಳಿದ ಮರ ಕಂಡರೆ ಅದರ ಕೆಳಗೆ ನಿಲ್ಲಬೇಡಿ, ಮಳೆ ಬಂದಾಗಲಂತೂ ಬೇಡವೇ ಬೇಡ. ಅದು ಮ್ಯಾಂಚಿನೀಲ್, ಅದರ ಹಾಲು ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ, ಹಣ್ಣು ವಿಷ.

ಊಟದ ಖರ್ಚು ಉಳಿಸಿದ್ದು ಜೀಗುಜ್ಜೆ (ಬ್ರೆಡ್‌ಫ್ರೂಟ್). ಕೆಂಡದ ಮೇಲೆ ಇಡಿಯಾಗಿ ಸುಟ್ಟು, ಕರಿ ಸಿಪ್ಪೆ ಹೆರೆದು, ಹಬೆಯಾಡುವ ಬಿಳಿ ತಿರುಳನ್ನು ಕೈಗಿತ್ತಾಗ ಅಜ್ಜಿಮನೆಯ ಒಲೆಯ ಮುಂದೆ ಕುಳಿತಂತಾಯಿತು. ಅಲ್ಲಿನ 'ಕುಕು' ಎಂಬ ತಿನಿಸನ್ನು ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಸೇರಿಸಿ ಮರದ ಕೋಲಿನಿಂದ ತೊಳಸಿ ಮಾಡುತ್ತಾರೆ. ಮಂಡ್ಯ ಕಡೆಯ ನನ್ನ ಹೆಂಡತಿ ಅದನ್ನು ನೋಡಿದೊಡನೆ ಮುದ್ದೆ ಎಂದಳು.

ಆಮೆಗಳನ್ನು ನೋಡಲು ದೋಣಿಗೆ ತಲೆಗೆ 60 ಅಮೆರಿಕನ್ ಡಾಲರ್ ಕೇಳಿದ್ದರು. ನಾವು ನೀರಿನೊಳಗೆ ನೋಡಲು 25 ಡಾಲರಿನ ಈಜು ಮುಖವಾಡ ಕೊಂಡು, ಬೆಳಿಗ್ಗೆ ಕಾರ್ಲೈಲ್ ಕೊಲ್ಲಿಗೆ ನಾವೇ ಇಳಿದೆವು. 1919ರಲ್ಲಿ ಮುಳುಗಿದ ಬರ್ವಿನ್ ಎಂಬ ಟಗ್ ಹಡಗು ಅಲ್ಲಿ ಹೆಚ್ಚು ಆಳವಿಲ್ಲದ ನೀರಿನಲ್ಲೇ ಮಲಗಿದೆ. ಮೂರನೆಯ ಬೆಳಿಗ್ಗೆ ಆಮೆಯೊಂದು ನನ್ನ ಮೊಣಕೈಯ ಪಕ್ಕದಲ್ಲೇ ಉಸಿರಿಗಾಗಿ ಮೇಲೆದ್ದು, ಮೂಗನ್ನಷ್ಟೇ ನೀರಿನಿಂದ ಹೊರಗಿಟ್ಟು, ಮತ್ತೆ ಕೆಳಗಿಳಿಯಿತು. ಕೊಲ್ಲಿಯ ಯಾವ ಬದಿಯಲ್ಲಿ ಎಂದು ಬರೆಯುವುದಿಲ್ಲ. ಜನ ಮುತ್ತಿಕೊಂಡರೆ ಅವಕ್ಕೆ ನೆಮ್ಮದಿಯಿರದು.

ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನಕ್ಕೆ ಪಟ್ಟಣದಿಂದ ನಡೆದೇ ಹೋದೆವು. 1997ರಲ್ಲಿ 120 ರನ್ ಬೆನ್ನಟ್ಟಲಾಗದೆ 81ಕ್ಕೆ ಕುಸಿದ ಭಾರತ ತಂಡದಲ್ಲಿ ನಮ್ಮ ದ್ರಾವಿಡ್ ಇದ್ದರು. 2024ರ ಜೂನ್ 29ರಂದು ಅದೇ ಅಂಗಳದಲ್ಲಿ ತರಬೇತುದಾರರಾಗಿ ಟಿ20 ವಿಶ್ವಕಪ್ ಎತ್ತಿದರು. ಹೊರಗೆ ಬಾರ್ಬಡೋಸಿನ ಹಿರಿಯ ಕ್ರಿಕೆಟಿಗ ಗ್ಯಾರಿ ಸೋಬರ್ಸ್ ಪ್ರತಿಮೆಯ ಬಳಿ ಬಹಳ ಹೊತ್ತು ನಿಂತಿದ್ದೆ.

ಉತ್ತರದ ತುದಿ ಮಾತ್ರ ನನ್ನ ವಿಧಾನಕ್ಕೆ ಸುಲಭವಾಗಿ ಒಗ್ಗಲಿಲ್ಲ. ಸ್ಪೈಟ್ಸ್‌ಟೌನ್‌ವರೆಗೆ ತೊಂದರೆಯಿಲ್ಲ, ಅನಿಮಲ್ ಫ್ಲವರ್ ಗುಹೆಗೆ ಬಸ್ಸಿಳಿದು ಬಿಸಿಲಿನಲ್ಲಿ ನಡೆಯಬೇಕಾಯಿತು. ಸೇಂಟ್ ನಿಕೋಲಸ್ ಆ್ಯಬೆ ಎಂಬ ಹಳೆಯ ಕಬ್ಬಿನ ತೋಟದ ಮನೆ ಮತ್ತು ಮಾರ್ಗನ್ ಲೂಯಿಸ್ ಗಾಳಿಗಿರಣಿಯನ್ನು ಒಂದೇ ದಿನದಲ್ಲಿ ಬಸ್ಸಿನಿಂದ ಜೋಡಿಸುವ ದಾರಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೇನೆ; ನಡಿಗೆ ಆರು ಕಿಲೋಮೀಟರಿನಷ್ಟು ಬರುತ್ತದೆ, ಬೆಳಿಗ್ಗೆ ಏಳಕ್ಕೆ ಮೊದಲೇ ಹೊರಡಬೇಕು.